ಕೇಳಿದವರು ಯಾರು? ಎರಡು ನೆಲಗಳ ನಡುವಿನ ಹೆಣ್ಣಿನ ಕವಿತೆ ಬರೆಯುವ ಬಗೆ

ಊರು, ದೇಶ, ಭಾಷೆ ಬಿಟ್ಟು ಬಂದ ಹೆಣ್ಣಿನ ಬಗ್ಗೆ ಕವಿತೆ ಬರೆಯಲು ಕೂತರೆ ಮೊದಲು ಒದಗಿ ಬರುವವು ಮೂರು: ಬೇರು ಕಿತ್ತ ಗಿಡ, ಗೂಡು ತೊರೆದ ಹಕ್ಕಿ, ಎರಡು ದಡಗಳ ನಡುವಿನ ಸೇತುವೆ. ಮೂರೂ ಸುಳ್ಳಲ್ಲ. ಆದರೆ ಮೂರನ್ನೂ ಯಾರು ಬೇಕಾದರೂ ಬರೆಯಬಹುದು. ಬರೆದವರು ಹೆಣ್ಣೇ ಆಗಿರಬೇಕೆಂದಿಲ್ಲ, ಊರು ಬಿಟ್ಟಿರಬೇಕೆಂದೂ ಇಲ್ಲ. ಓದುಗರು ಒಮ್ಮೆ 'ಪಾಪ' ಎಂದುಕೊಂಡು ಪುಟ ತಿರುಗಿಸುತ್ತಾರೆ, ಅಷ್ಟೆ.

ಈ ವಸ್ತುವಿನ ಮೇಲೆ ಬಂದ ಗಟ್ಟಿ ಕವಿತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು 'ನಾನು ಯಾರು' ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆಯನ್ನು ಬೇರೆ ಯಾರೋ ಕೇಳಿರುತ್ತಾರೆ. ಕವಿತೆ ಆ ಕೇಳಿದವರಿಗೆ ಕೊಟ್ಟ ಉತ್ತರ, ಇಲ್ಲವೇ ಆ ಹೊತ್ತಿನಲ್ಲಿ ಬಾಯಿಗೆ ಬಾರದೆ ಹೋದ ಉತ್ತರ. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ಗಮನಿಕೆಯ ಮೇಲೆ ನಿಂತಿವೆ. ಗುರುತಿನ ಬಗ್ಗೆ ಬರೆಯುವ ಮುನ್ನ, ಗುರುತು ಕೇಳಿದವರನ್ನು ಹಿಡಿದು ತನ್ನಿ.

ಮೊದಲ ಹೆಜ್ಜೆ: ಕೇಳಿದವರ ಪಟ್ಟಿ

ಇನ್ನೂ ಪದ್ಯಕ್ಕೆ ಕೈ ಹಾಕಬೇಡಿ. ಒಂದು ಹಾಳೆಯಲ್ಲಿ, ನಿಮ್ಮನ್ನು 'ನೀನು ಯಾರು, ಎಲ್ಲಿಯವಳು, ಯಾರವಳು' ಎಂದು ಯಾವುದೋ ರೂಪದಲ್ಲಿ ಕೇಳಿದವರ ಪಟ್ಟಿ ಮಾಡಿ. ವಲಸೆ ಅಧಿಕಾರಿ ಇರುತ್ತಾರೆ, ಅದು ನಿರೀಕ್ಷಿತ. ಅವರ ಜೊತೆಗೆ ನೆರೆಮನೆಯಾಕೆ, ಮಗುವಿನ ಶಾಲೆಯ ಶಿಕ್ಷಕಿ, ಹೆರಿಗೆ ವಾರ್ಡಿನ ನರ್ಸು, ಗಂಡನ ಕಡೆಯವರು, ಫೋನಿನಲ್ಲಿ ಹಡೆದ ತಾಯಿ, ಹೊಸ ಭಾಷೆಯಲ್ಲೇ ಹುಟ್ಟಿ ಬೆಳೆದ ಮಗಳು, ಇವರೂ ಬರಲಿ. ಮನೆಯವರು ಕೇಳಿದ ಪ್ರಶ್ನೆಗಳನ್ನು ಮರೆಯುವುದು ಸುಲಭ, ಏಕೆಂದರೆ ಅವು ಪ್ರಶ್ನೆಯಂತೆ ಕೇಳಿಸುವುದಿಲ್ಲ. 'ನಿನ್ನ ಮಾತೇ ಬದಲಾಗಿದೆಯಲ್ಲ' ಎಂದು ತಾಯಿ ಹೇಳುವುದು ಕೂಡ ಒಂದು ತನಿಖೆಯೇ.

ಪ್ರತಿಯೊಬ್ಬರ ಎದುರು ನಾಲ್ಕು ವಿವರ ಬರೆಯಿರಿ. ಅವರು ಆಡಿದ ಮಾತು, ಸಾಧ್ಯವಾದಷ್ಟು ಅವರದೇ ಪದಗಳಲ್ಲಿ. ಅದು ಯಾವ ಭಾಷೆಯಲ್ಲಿತ್ತು. ಆ ಹೊತ್ತಿಗೆ ಅವರ ಕೈ ಏನು ಮಾಡುತ್ತಿತ್ತು. ನೀವು ಕೊಟ್ಟ ಉತ್ತರ. ಮೂರನೆಯದು ತಮಾಷೆಗೆ ಹೇಳಿದ್ದಲ್ಲ. ಪಾಸ್‌ಪೋರ್ಟಿನ ಪುಟ ತಿರುವುತ್ತಾ ಕೇಳಿದ ಪ್ರಶ್ನೆಯೂ ನಿಮ್ಮ ಮಗುವಿನ ಕೆನ್ನೆ ಸವರುತ್ತಾ ಕೇಳಿದ ಪ್ರಶ್ನೆಯೂ ಪದಶಃ ಒಂದೇ ಆಗಿರಬಹುದು, ಕವಿತೆ ಮಾತ್ರ ಬೇರೆ ಬೇರೆ.

ಈ ದಾರಿ ಹೊಸದಲ್ಲ. ಹಾನ್ ರಾಜವಂಶದ ಕೊನೆಗಾಲದಲ್ಲಿ ಬದುಕಿದ್ದ ಚೀನೀ ಕವಯಿತ್ರಿ ತ್ಸಾಯ್ ಯೆನ್ ಉತ್ತರದ ಶಿಯೊಂಗ್ನು ಅಲೆಮಾರಿಗಳ ಕೈಗೆ ಸೆರೆಸಿಕ್ಕಳು. ಅಲ್ಲಿ ಹನ್ನೆರಡು ವರ್ಷ ಕಳೆದು ಎರಡು ಗಂಡುಮಕ್ಕಳ ತಾಯಿಯಾದಳು. ಸುಮಾರು 207ರಲ್ಲಿ ಹಾನ್ ಆಸ್ಥಾನದ ಬಲಶಾಲಿ ಸೇನಾನಾಯಕ ತ್ಸಾವ್ ತ್ಸಾವ್ ಒತ್ತೆಹಣ ಕೊಟ್ಟು ಅವಳನ್ನು ಬಿಡಿಸಿಕೊಂಡ. ಮಕ್ಕಳು ಅಲ್ಲೇ ಉಳಿದರು. ಅವಳದೆಂದು ಪ್ರಸಿದ್ಧವಾದ ದೀರ್ಘ ಕವಿತೆಯಲ್ಲಿ ಸೆರೆಯ ಹಿಂಸೆ, ಕುದುರೆಗಳು, ಚಳಿ ಎಲ್ಲ ಇವೆ. ಆದರೆ ಓದಿದವರಿಗೆ ಮರೆಯಲಾಗದ್ದು ಒಂದು ಪ್ರಶ್ನೆ: ಮಗು ಬಂದು ಕೊರಳನ್ನು ತಬ್ಬಿ, ಅಮ್ಮ ಎಲ್ಲಿಗೆ ಹೊರಟಿದ್ದಾಳೆ ಎಂದು ಕೇಳುತ್ತದೆ. ಬಿಡುಗಡೆಯೇ ಎರಡನೆಯ ಸೆರೆ ಎಂದು ಅವಳು ಎಲ್ಲೂ ಹೇಳಬೇಕಾಗಿಲ್ಲ. ಆ ಪ್ರಶ್ನೆಗೆ ಉತ್ತರವಿಲ್ಲ, ಅಷ್ಟು ಸಾಕು.

ಮಲಯಾಳದಲ್ಲಿ ಮಾಧವಿಕುಟ್ಟಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕೇರಳದ ಕಮಲಾ ದಾಸ್ 1965ರ ತಮ್ಮ ಮೊದಲ ಇಂಗ್ಲಿಷ್ ಸಂಕಲನದಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳುವ ಕವಿತೆಯಲ್ಲಿ ಮಾಡಿದ್ದೂ ಇದನ್ನೇ. ಇಂಗ್ಲಿಷಿನಲ್ಲಿ ಬರೆಯಬೇಡ ಎನ್ನುವವರು, ಸೀರೆ ಉಡು ಎನ್ನುವವರು, ಹೆಂಡತಿಯ ಹಾಗೆ ಇರು ಎನ್ನುವವರು ಒಬ್ಬರ ಹಿಂದೊಬ್ಬರು ಕವಿತೆಯೊಳಗೆ ನುಗ್ಗುತ್ತಾರೆ. ಕಮಲಾ ಎಂದಿರು, ಇಲ್ಲವೇ ಮಾಧವಿಕುಟ್ಟಿ ಎಂದಿರು, ಒಂದು ಹೆಸರು ಆರಿಸಿಕೋ ಎಂದು ಒತ್ತಾಯಿಸುತ್ತಾರೆ. ಆ ಗದ್ದಲ ಇಲ್ಲದಿದ್ದರೆ ಆ ಕವಿತೆಯ 'ನಾನು' ಇಷ್ಟು ಗಟ್ಟಿಯಾಗಿ ಕೇಳಿಸುತ್ತಿರಲಿಲ್ಲ.

ಎರಡನೆಯದು: ಒಂದೇ ಪ್ರಶ್ನೆ, ಅದರಲ್ಲೂ ಚಿಕ್ಕದು

ಪಟ್ಟಿ ಮುಗಿದ ಮೇಲೆ ಒಂದನ್ನು ಆರಿಸಿ. ದೊಡ್ಡ ಪ್ರಶ್ನೆಯ ಆಸೆ ಬಿಡಿ. 'ನೀವು ನಿಜವಾಗಿ ಎಲ್ಲಿಯವರು' ಎಂಬುದು ಸವೆದು ಹೋಗಿದೆ; ಅದಕ್ಕೆ ಕೊಡುವ ಉತ್ತರಗಳೂ ಸವೆದಿವೆ. 'ನಿಮ್ಮ ಹೆಸರನ್ನು ಸ್ವಲ್ಪ ಚಿಕ್ಕದು ಮಾಡಿ ಕರೆಯಲೇ?' ಎಂಬುದರಲ್ಲಿ ಇನ್ನೂ ಜೀವವಿದೆ. 'ಇದರಲ್ಲಿ ಕುಟುಂಬದ ಹೆಸರು ಯಾವುದು?' ಎಂಬುದರಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಅಪ್ಪ, ಗಂಡ, ಊರು, ಸರ್ಕಾರ ಎಲ್ಲರೂ ಒಂದೇ ಚೌಕದೊಳಗೆ ತೂರಿಕೊಳ್ಳಲು ನೋಡುತ್ತಾರೆ.

ಆರಿಸಿದ ಪ್ರಶ್ನೆಯನ್ನು ಕವಿತೆಯಲ್ಲಿ ಹೇಗೆ ಇಡಬೇಕು? ಮೂರು ದಾರಿ ಇವೆ.

ನೇರವಾಗಿ ಕೇಳಿದವರ ಬಾಯಲ್ಲೇ ಇಡಬಹುದು. ಫಿಲಿಸ್ ವೀಟ್ಲಿಯನ್ನು 1761ರಲ್ಲಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಪಶ್ಚಿಮ ಆಫ್ರಿಕದಿಂದ ಬಾಸ್ಟನ್ನಿಗೆ ತಂದು ಮಾರಿದರು. ಫಿಲಿಸ್ ಎಂಬುದು ಅವಳನ್ನು ಹೊತ್ತು ತಂದ ಹಡಗಿನ ಹೆಸರು, ವೀಟ್ಲಿ ಎಂಬುದು ಕೊಂಡವರ ಹೆಸರು. 1773ರಲ್ಲಿ ಲಂಡನ್ನಿನಲ್ಲಿ ಅವಳ ಸಂಕಲನ ಅಚ್ಚಾದಾಗ, ಈ ಪದ್ಯಗಳನ್ನು ಬರೆದವಳು ಇವಳೇ ಹೌದು ಎಂದು ಬಾಸ್ಟನ್ನಿನ ಹದಿನೆಂಟು ಗಣ್ಯ ಗಂಡಸರು ಸಹಿ ಹಾಕಿದ ಪತ್ರವನ್ನು ಪುಸ್ತಕದ ಮೊದಲಿಗೆ ಸೇರಿಸಬೇಕಾಯಿತು. ತನ್ನನ್ನು ಆಫ್ರಿಕದಿಂದ ತಂದುದರ ಬಗ್ಗೆ ಅವಳು ಬರೆದದ್ದು ಎಂಟೇ ಸಾಲಿನ ಪದ್ಯ. ಅದರ ನಡುವೆ ತನ್ನ ಬಣ್ಣವನ್ನು ಹೀಯಾಳಿಸುವವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇಟ್ಟು, ಮರುಸಾಲಿನಲ್ಲೇ ಅವರನ್ನು ಕರೆದು ನೆನಪಿರಲಿ ಎನ್ನುತ್ತಾಳೆ. ಗುಲಾಮಳಾಗಿದ್ದವಳಿಗೆ ಇದ್ದ ಜಾಗ ಅಷ್ಟು. ಆ ಜಾಗದಲ್ಲೂ ಎದುರಾಳಿಗೆ ಒಂದು ಸಾಲು ಬಿಟ್ಟುಕೊಟ್ಟದ್ದು ಎಂಥ ಧೈರ್ಯ ನೋಡಿ.

ಎರಡನೆಯ ದಾರಿ, ಪ್ರಶ್ನೆಯನ್ನು ನುಂಗಿ ಉತ್ತರವನ್ನಷ್ಟೇ ಬರೆಯುವುದು. ಆಗ ಓದುಗರು ಪ್ರಶ್ನೆಯನ್ನು ತಾವೇ ಊಹಿಸಿಕೊಳ್ಳುತ್ತಾರೆ. ಉತ್ತರ ಸಾಕಷ್ಟು ವಿಚಿತ್ರವಾಗಿದ್ದರೆ ಮಾತ್ರ ಇದು ನಡೆಯುತ್ತದೆ.

ಮೂರನೆಯದು, ಪ್ರಶ್ನೆಯನ್ನು ತಿರುಗಿಸುವುದು. ಗುಜ್ರಾನ್‌ವಾಲಾದಲ್ಲಿ ಹುಟ್ಟಿ, ದೇಶ ವಿಭಜನೆಯಾದಾಗ ಲಾಹೋರನ್ನು ಬಿಟ್ಟು ಬಂದ ಪಂಜಾಬಿ ಕವಯಿತ್ರಿ ಅಮೃತಾ ಪ್ರೀತಮ್ ತಾನು ಯಾರು, ಎಲ್ಲಿಯವಳು ಎಂದು ಹೇಳುತ್ತಾ ಕೂರಲಿಲ್ಲ. ಹೀರ್ ಎಂಬ ಹುಡುಗಿಯ ದುರಂತ ಪ್ರೇಮಕಥೆಯನ್ನು ಹಾಡಿದ ಹದಿನೆಂಟನೆಯ ಶತಮಾನದ ಕವಿ ವಾರಿಸ್ ಶಾಹನನ್ನು ಗೋರಿಯಿಂದ ಎಬ್ಬಿಸಿ ಕೇಳಿದರು: ಅಂದು ಪಂಜಾಬಿನ ಒಬ್ಬ ಮಗಳು ಅತ್ತದ್ದಕ್ಕೆ ಅಷ್ಟು ಬರೆದೆಯಲ್ಲ, ಇಂದು ಲಕ್ಷ ಹೆಣ್ಣುಮಕ್ಕಳು ಅಳುತ್ತಿದ್ದಾರೆ, ಈಗ? ಸತ್ತ ಕವಿಯನ್ನು ಕಟಕಟೆಗೆ ಕರೆಯುವ ಈ ವರಸೆ, ಗಡಿ ದಾಟಿದ ಮೇಲೂ ತನ್ನ ಪರಂಪರೆ ತನ್ನದೇ ಎಂದು ಸಾರುವುದಕ್ಕಿಂತ ಬಲವಾದದ್ದು. ಸ್ವಂತದವರ ಮೇಲಲ್ಲದೆ ಇಷ್ಟು ಸಲಿಗೆಯಿಂದ ಯಾರ ಮೇಲೆ ಸಿಟ್ಟು ಮಾಡುತ್ತೇವೆ?

ಮೂರನೆಯದು: ಎರಡೂ ಕಡೆ ಬೇರೆ ಬೇರೆಯಾಗಿ ನಡೆದುಕೊಳ್ಳುವ ಒಂದು ವಸ್ತು

ಪ್ರಶ್ನೆ ಸಿಕ್ಕಿತು. ಈಗ ಅದರ ಪಕ್ಕಕ್ಕೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಬೇಕು. ಹಳೆಯ ಮನೆಯ ಬೀಗದ ಕೈ, ಅಜ್ಜಿಯ ಫೋಟೊ, ಟ್ರಂಕು: ಇವು ಎಷ್ಟೋ ಕವಿತೆಗಳಲ್ಲಿ ದುಡಿದು ದಣಿದಿವೆ. ಅವುಗಳಿಗೆ ರಜೆ ಕೊಡಿ. ಒಳ್ಳೆಯ ವಸ್ತುವನ್ನು ಗುರುತಿಸಲು ನಾನು ಬಳಸುವ ಪರೀಕ್ಷೆ ಒಂದೇ: ಅದು ಅಲ್ಲಿ ಒಂದು ಬಗೆ, ಇಲ್ಲಿ ಇನ್ನೊಂದು ಬಗೆ ನಡೆದುಕೊಳ್ಳುತ್ತದೆಯೇ? ಫೋಟೊ ಎರಡೂ ಕಡೆ ಫೋಟೊವೇ. ಸಹಿ ಹಾಗಲ್ಲ. ಒಂದು ಕಡೆ ಒಂದು ಲಿಪಿಯಲ್ಲಿ, ಅಪ್ಪನ ಹೆಸರಿನ ಮೊದಲಕ್ಷರದೊಡನೆ ಹಾಕುತ್ತಿದ್ದ ಸಹಿ ಇನ್ನೊಂದು ಕಡೆ 'ಹೊಂದಿಕೆಯಾಗುತ್ತಿಲ್ಲ' ಎಂದು ಬ್ಯಾಂಕಿನಿಂದ ವಾಪಸು ಬರುತ್ತದೆ. ತನ್ನ ಕೈಬರಹವನ್ನೇ ನಕಲು ಮಾಡುತ್ತಾ ಕೂರುವ ಹೆಂಗಸು ಎರಡು ಸಾಲಿನಲ್ಲಿ ಕಣ್ಣಿಗೆ ಕಟ್ಟುತ್ತಾಳೆ.

ಮೊನಿಜಾ ಆಲ್ವಿ ಹುಟ್ಟಿದ್ದು 1954ರಲ್ಲಿ ಲಾಹೋರಿನಲ್ಲಿ, ಪಾಕಿಸ್ತಾನಿ ತಂದೆಗೆ, ಇಂಗ್ಲಿಷ್ ತಾಯಿಗೆ. ಬೆಳೆದದ್ದು ಕೂಸಾಗಿದ್ದಾಗಿನಿಂದ ಇಂಗ್ಲೆಂಡಿನಲ್ಲಿ. ಪಾಕಿಸ್ತಾನದ ಅತ್ತೆಯರು ಕಳಿಸಿದ ಉಡುಗೊರೆಗಳ ಬಗ್ಗೆ ಅವರ ಒಂದು ಕವಿತೆಯಿದೆ. ಅದರ ಸಲ್ವಾರ್ ಕಮೀಜ್ ನಮ್ಮ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಕಳಿಸಿದವರಿಗೆ ಅದು ಪ್ರೀತಿ. ತೊಟ್ಟ ಹುಡುಗಿಗೆ ತನಗೆ ಒಗ್ಗದ ಬೆಡಗು, ಕನ್ನಡಿಯೆದುರು ಮುಜುಗರ. ಮಂಚದ ಮೇಲೆ ಕೂತ ಶಾಲೆಯ ಗೆಳತಿಗೆ ಏನೂ ಅಲ್ಲ. ಅವಳು ರಜಾದಿನ ತೊಡುವ ಬಟ್ಟೆ ತೋರಿಸು ಎನ್ನುತ್ತಾಳೆ. ಆ ಕವಿತೆಯ ಅತ್ಯಂತ ಕ್ರೂರ ಪ್ರಶ್ನೆ ಅದೇ. ಕೇಳಿದವಳಲ್ಲಿ ಎಳ್ಳಷ್ಟೂ ಕೆಡುಕಿಲ್ಲ.

ಪ್ರತಿಮೆ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಿ ಚಿಂಗ್‌ಜಾವ್ ಎಂಬ, ಚೀನಾದ ಸುಂಗ್ ರಾಜವಂಶದ ಕಾಲದ ಕವಯಿತ್ರಿ, 1127ರಲ್ಲಿ ಉತ್ತರದ ರಾಜಧಾನಿ ಬಿದ್ದ ಮೇಲೆ ದಕ್ಷಿಣಕ್ಕೆ ಓಡಿಬಂದವಳು. ಎರಡು ವರ್ಷದಲ್ಲಿ ಗಂಡನನ್ನೂ ಕಳೆದುಕೊಂಡಳು. ವಸಂತ ಇನ್ನೂ ಚೆನ್ನಾಗಿದೆಯಂತೆ, ದೋಣಿವಿಹಾರಕ್ಕೆ ಹೋಗೋಣವೆಂದುಕೊಂಡೆ, ಆದರೆ ಆ ಪುಟ್ಟ ದೋಣಿ ನನ್ನ ಇಷ್ಟೊಂದು ದುಃಖವನ್ನು ಹೊರಲಾರದೇನೋ ಎಂದು ಅವಳು ಬರೆಯುತ್ತಾಳೆ. ಇಲ್ಲಿ ದುಃಖಕ್ಕೆ ತೂಕ ಬಂದದ್ದು ದೋಣಿ ನಿಜವಾದ ದೋಣಿಯಾಗಿರುವುದರಿಂದ. ಹೊಳೆ ಇದೆ, ದೋಣಿ ಇದೆ, ಹತ್ತುವುದೋ ಬಿಡುವುದೋ ಎಂಬ ಅವತ್ತಿನ ತೀರ್ಮಾನ ಇದೆ. ನಿಮ್ಮ ಹಕ್ಕಿಯೂ ಹಾಗೆ ಯಾವುದೋ ಒಂದು ಕಿಟಕಿಯ ಮೇಲೆ ಬಂದು ಕೂತ ಹಕ್ಕಿಯಾಗಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ.

ಭಾಷೆಗಳನ್ನು ಹೆಣೆಯುವುದು

ಎರಡು ಭಾಷೆಗಳ ನಡುವೆ ಬದುಕುವವಳ ಕವಿತೆಯಲ್ಲಿ ಎರಡನೆಯ ಭಾಷೆ ಕೇಳಿಸಲೇಬೇಕೆಂದಿಲ್ಲ. ಯಹೂದಿ ಕವಯಿತ್ರಿ ನೆಲಿ ಸಾಕ್ಸ್ 1940ರಲ್ಲಿ ತಾಯಿಯೊಡನೆ ನಾಜಿಗಳ ಬರ್ಲಿನ್ನಿನಿಂದ ಪಾರಾಗಿ ಸ್ಟಾಕ್‌ಹೋಮಿಗೆ ಬಂದರು. ಸ್ವೀಡಿಷ್ ಕಲಿತು ಆ ಭಾಷೆಯ ಕವಿಗಳನ್ನು ಅನುವಾದಿಸಿದರು. ಆದರೆ ತಮ್ಮ ಕವಿತೆಯನ್ನು ಕೊನೆಯವರೆಗೂ ಜರ್ಮನ್ನಿನಲ್ಲೇ ಬರೆದರು. ತಮ್ಮ ಜನರನ್ನು ಕೊಲ್ಲಲು ಆಜ್ಞೆ ಹೊರಟ ಭಾಷೆ ಅದು, ತಾಯಿಯೊಡನೆ ಆಡಿದ ಭಾಷೆಯೂ ಅದೇ. 1966ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಆ ಕವಿತೆಗಳಿಗೆ. ಒಂದೇ ಭಾಷೆಯಲ್ಲಿ ಬರೆಯುವುದೂ ಎರಡರ ನಡುವೆ ನಿಂತು ಕೊಟ್ಟ ಉತ್ತರವೇ.

ಹೆಣೆಯುವುದಾದರೆ ಅಂಜದೆ ಹೆಣೆಯಿರಿ. ಸುಜಾತಾ ಭಟ್ ಅಹಮದಾಬಾದಿನಲ್ಲಿ ಹುಟ್ಟಿ, ಪುಣೆಯಲ್ಲಿ ಬೆಳೆದು, ಹನ್ನೆರಡರ ಹೊತ್ತಿಗೆ ಅಮೆರಿಕಕ್ಕೆ ಹೋದವರು. 1988ರ ಸಂಕಲನದಲ್ಲಿರುವ ಅವರ ಹೆಸರಾಂತ ಕವಿತೆ ಶುರುವಾಗುವುದೇ ಕೇಳಿದವರನ್ನು ಎದುರಿಗೆ ಕೂರಿಸಿಕೊಂಡು: ನಾಲಗೆ ಕಳೆದುಕೊಂಡೆ ಎಂದರೆ ಏನು ಎಂದು ನೀವು ಕೇಳುತ್ತೀರಿ, ನಿಮ್ಮ ಬಾಯಲ್ಲಿ ಎರಡು ನಾಲಗೆ ಇದ್ದಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು ನಾನು ಕೇಳುತ್ತೇನೆ. ಇಂಗ್ಲಿಷ್ ಸಾಲುಗಳ ನಡುವೆ ಗುಜರಾತಿ ಲಿಪಿಯಲ್ಲೇ ಗುಜರಾತಿ ಬರುತ್ತದೆ, ಕೆಳಗೆ ಅದರ ಉಚ್ಚಾರ ರೋಮನ್ ಅಕ್ಷರದಲ್ಲಿ. ಆ ಲಿಪಿ ಗೊತ್ತಿಲ್ಲದ ಓದುಗರು ಪುಟದ ಮಧ್ಯದಲ್ಲಿ ಕೆಲವು ಕ್ಷಣ ಪರದೇಶಿಗಳಾಗುತ್ತಾರೆ. ಕವಿತೆ ಏನು ಹೇಳುತ್ತಿದೆಯೋ ಅದು ಓದುಗರ ಮೇಲೆಯೇ ನಡೆದುಹೋಗುತ್ತದೆ.

ಗಯಾನಾದಿಂದ 1977ರಲ್ಲಿ ಬ್ರಿಟನ್ನಿಗೆ ಬಂದ ಗ್ರೇಸ್ ನಿಕೋಲ್ಸ್ ಇದೇ ನಾಲಗೆಯ ಪ್ರತಿಮೆಯನ್ನು ನಾಲ್ಕೇ ಸಾಲಿನಲ್ಲಿ ಮುಗಿಸುತ್ತಾರೆ: ಸಾಗರ ದಾಟಿದೆ, ನಾಲಗೆ ಕಳೆದುಕೊಂಡೆ, ಹಳೆಯದರ ಬೇರಿನಿಂದ ಹೊಸದು ಚಿಗುರಿತು. ಬೇರು ಬಂತಲ್ಲ ಎನ್ನುತ್ತೀರಾ? ಬಂತು. ಆದರೆ ಬಾಯೊಳಗಿನ ಬೇರು. ಹಾಗೆ ಜಾಗ ಬದಲಿಸಿದರೆ ಹಳೆಯ ಪ್ರತಿಮೆಗೂ ಉಸಿರು ಬರುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ಸೂಚನೆಗಳು. ಬೇರೆ ಭಾಷೆಯ ಪದ ತಂದರೆ ಅದರ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಡಿ. ಟಿಪ್ಪಣಿ ಬಂದ ಕೂಡಲೇ ಕವಿತೆ ಪ್ರವಾಸಿಗರ ಕೈಪಿಡಿಯಾಗುತ್ತದೆ. ಪದದ ಅಕ್ಕಪಕ್ಕದ ಸಾಲುಗಳಿಂದ ಅರ್ಥ ಅರ್ಧಕ್ಕರ್ಧ ಸಿಗುವಂತೆ ಮಾಡಿ, ಉಳಿದರ್ಧ ಸಿಗದಿದ್ದರೆ ಸಿಗದಿರಲಿ. ಯಾವ ಪದ ತರುವುದು ಎಂಬ ಆಯ್ಕೆಯೂ ಮುಖ್ಯ. ತಿಂಡಿ, ಹಬ್ಬ, ಬಟ್ಟೆಯ ಹೆಸರುಗಳು ಎಲ್ಲರೂ ತರುವಂಥವು. ಬೈಗುಳ, ಎಣಿಕೆ, ಮಗುವನ್ನು ಸಮಾಧಾನ ಮಾಡುವ ಮಾತು, ನೋವಾದಾಗ ಬಾಯಿಂದ ಹೊರಡುವ ಉದ್ಗಾರ, ಇವು ಮನುಷ್ಯರು ಕೊನೆಗೆ ಬಿಟ್ಟುಕೊಡುವ ಪದಗಳು. ಅಲ್ಲಿ ಹುಡುಕಿ.

ಬಿಟ್ಟುಬಂದ ಮನೆಯನ್ನು ಸ್ವರ್ಗ ಮಾಡದಿರುವುದು

ಹೆಣ್ಣಿನ ಕವಿತೆ ಬೇರೆಯಾಗುವುದು ಮುಖ್ಯವಾಗಿ ಇಲ್ಲಿ. ವಲಸೆ ಬಂದ ಗಂಡಸು ಬಿಟ್ಟುಬಂದ ಮನೆಗೆ ಹಲುಬುತ್ತಾನೆ, ಸರಿ. ಆ ಮನೆಯಲ್ಲಿ ಹೆಣ್ಣಿಗೆ ಜಾಗವಿತ್ತೇ? ಎಷ್ಟೋ ಜನ ಹೆಂಗಸರು ಹೊರಟದ್ದು ಹೊರಗಿನ ಯುದ್ಧದಿಂದಲ್ಲ, ಒಳಗಿನದರಿಂದ. ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ; ನಮ್ಮ ಕಾವ್ಯದಲ್ಲಿ ಮನೆ ತೊರೆದವಳ ಧ್ವನಿ ಹನ್ನೆರಡನೆಯ ಶತಮಾನದಿಂದ, ಅಕ್ಕಮಹಾದೇವಿಯಿಂದ ಇದೆ. ತೊರೆದದ್ದಕ್ಕೆ ಅವಳ ವಚನಗಳಲ್ಲಿ ಹಳಹಳಿಕೆಯಿಲ್ಲ.

ಹೊಸ ನೆಲದಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಗಂಡಸರು ಹೊರಗೆ ಹೋಗಿ ಹೊಸ ಊರಿನವರಾಗುತ್ತಾರೆ, ಹಳೆಯ ಊರನ್ನು ಕಾಪಾಡುವ ಕೆಲಸ ಮಾತ್ರ ಹೆಂಗಸರ ಪಾಲಿಗೆ. ಅಡುಗೆಯಲ್ಲಿ, ಉಡುಪಿನಲ್ಲಿ, ಮಕ್ಕಳ ನುಡಿಯಲ್ಲಿ 'ಸಂಸ್ಕೃತಿ ಉಳಿದಿದೆಯೇ' ಎಂಬ ಲೆಕ್ಕವನ್ನು ಅವಳೇ ಒಪ್ಪಿಸಬೇಕು. ಈ ಲೆಕ್ಕ ಕೇಳುವವರು ನಿಮ್ಮ ಮೊದಲ ಪಟ್ಟಿಯಲ್ಲಿ ಇಲ್ಲದಿದ್ದರೆ ಈಗ ಸೇರಿಸಿ.

ಹೀಗೆ ಮಾಡಿ ನೋಡಿ: ಬಿಟ್ಟುಬಂದ ಮನೆಯ ಬಗ್ಗೆ ಹತ್ತು ವಾಕ್ಯ ಬರೆಯಿರಿ. ಪ್ರತಿ ವಾಕ್ಯದ ಮುಂದೆ, ಆ ಸುಖ ನಡೆಯಲು ಯಾರು ದುಡಿಯುತ್ತಿದ್ದರು ಎಂದು ಬರೆಯಿರಿ. ಕವಿತೆ ಹೆಚ್ಚಾಗಿ ಆ ಎರಡನೆಯ ಕಾಲಮ್ಮಿನಲ್ಲಿ ಇರುತ್ತದೆ.

ಹಿಂದಿರುಗುವಿಕೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಕವಯಿತ್ರಿ ಮರೀನಾ ಸ್ವೆಟಾಯೆವಾ 1922ರಲ್ಲಿ ರಷ್ಯಾ ಬಿಟ್ಟು ಬರ್ಲಿನ್, ಪ್ರಾಗ್, ಪ್ಯಾರಿಸ್ ಎಂದು ಅಲೆದು 1939ರಲ್ಲಿ ಮರಳಿದರು. ಮರಳಿದ ದೇಶ ಬಿಟ್ಟ ದೇಶವಾಗಿರಲಿಲ್ಲ. ಮಗಳನ್ನೂ ಗಂಡನನ್ನೂ ಬಂಧಿಸಲಾಯಿತು, 1941ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕೊನೆಯ ಸಾಲಿನಲ್ಲಿ ನಾಯಕಿಯನ್ನು ಮನೆಗೆ ತಲುಪಿಸಿ ಕೈತೊಳೆದುಕೊಳ್ಳುವ ಮುಂಚೆ, ಆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ವಿಚಾರಿಸಿ.

ನಿಮ್ಮದಲ್ಲದ ಕಥೆಯಾದರೆ

ವಾರ್ಸನ್ ಶಯರ್ ಕೀನ್ಯಾದಲ್ಲಿ ಸೊಮಾಲಿ ತಂದೆತಾಯಿಗೆ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. ಜಗತ್ತಿನಾದ್ಯಂತ ನಿರಾಶ್ರಿತರ ಪರವಾಗಿ ಓದಲಾಗುವ ಅವರ ಕವಿತೆಯ ಹಿಂದೆ, ರೋಮಿನ ಪಾಳುಬಿದ್ದ ಸೊಮಾಲಿ ರಾಯಭಾರ ಕಚೇರಿಯಲ್ಲಿ ವಾಸವಾಗಿದ್ದ ಯುವ ನಿರಾಶ್ರಿತರ ಭೇಟಿಯಿದೆ. ಅಂದರೆ ಅದು ಕೇಳಿಸಿಕೊಂಡು ಬರೆದ ಕವಿತೆ. 'ನಿಮ್ಮ ದೇಶಕ್ಕೆ ಹೋಗಿ' ಎಂದು ಕೂಗುವವರ ಮಾತುಗಳನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತದೆ.

ಕೇಳಿಸಿಕೊಂಡು ಬರೆಯುವುದಾದರೆ, ಹೇಳಿದವಳಿಗೆ ಕರಡನ್ನು ಓದಿ ತಿಳಿಸಿ. ಅವಳು ಆಶ್ರಯ ಕೋರಿ ಅರ್ಜಿ ಹಾಕಿದ್ದರೆ, ಇಲ್ಲವೇ ಯಾರಿಂದಲಾದರೂ ತಪ್ಪಿಸಿಕೊಂಡು ಬದುಕುತ್ತಿದ್ದರೆ, ಊರು, ತಾರೀಖು, ಮಕ್ಕಳ ವಯಸ್ಸು, ಗಾಯದ ಗುರುತು ಎಲ್ಲವನ್ನೂ ಬದಲಿಸಿ. ಹೆಸರೊಂದನ್ನು ಬದಲಿಸಿದರೆ ಸಾಲದು. ಒಳ್ಳೆಯ ವಿವರ ಕೈಬಿಡಬೇಕಾಗುತ್ತದಲ್ಲ ಎಂಬ ಸಂಕಟವಾದರೆ, ಆ ವಿವರ ಅವಳದು, ನಿಮ್ಮದಲ್ಲ.

ತಿದ್ದುವ ಕೆಲಸ, ಒಂದು ಉದಾಹರಣೆಯಲ್ಲಿ

ಮೇಲಿನದನ್ನೆಲ್ಲ ಒಂದು ಕರಡಿನ ಮೇಲೆ ಮಾಡಿ ನೋಡೋಣ. ಈ ಉದಾಹರಣೆಗೆಂದೇ ಕಟ್ಟಿದ ಸಾಲುಗಳಿವು:

ನಾನು ಬೇರು ಕಿತ್ತ ಗಿಡ,
ಎರಡು ಆಕಾಶಗಳ ನಡುವೆ
ನೆಲೆಯಿಲ್ಲದೆ ಅಲೆವ ಹಕ್ಕಿ.
ಯಾವುದು ನನ್ನ ಮನೆ?

ಗಿಡವೂ ಆಗಿ ಹಕ್ಕಿಯೂ ಆಗಿರುವುದು ಕಷ್ಟದ ಕೆಲಸ, ಅದು ಒಂದು. ಇಲ್ಲಿ ಮಾತನಾಡುತ್ತಿರುವವರು ಹೆಣ್ಣೆಂದು ತಿಳಿಯುವುದಿಲ್ಲ, ಅದು ಇನ್ನೊಂದು. ಕನ್ನಡದಲ್ಲಿ 'ನಾನು ಬಂದೆ' ಎಂದರೆ ಬಂದವರು ಗಂಡೋ ಹೆಣ್ಣೋ ಕ್ರಿಯಾಪದ ಬಿಟ್ಟುಕೊಡುವುದಿಲ್ಲ, ಹಾಗಾಗಿ ಸನ್ನಿವೇಶವೇ ಅದನ್ನು ತೋರಬೇಕು. ಕೊನೆಯ ಪ್ರಶ್ನೆಯನ್ನು ಕೇಳುತ್ತಿರುವವರು ಯಾರೂ ಇಲ್ಲ. ಈಗ ಪಟ್ಟಿಯಿಂದ ಒಬ್ಬರನ್ನು ತರೋಣ. ಕಚೇರಿಯ ಗಾಜಿನ ಕಿಟಕಿಯಾಚೆ ಕೂತ ಗುಮಾಸ್ತೆ. ವಸ್ತು: ಒಂದು ಅರ್ಜಿ ನಮೂನೆ.

ಖಾಯಂ ವಿಳಾಸ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.
ಮನೆ ನಂಬರು, ಬೀದಿ, ಎಂದಳು ಗಾಜಿನಾಚೆಯವಳು.
ಆ ಮನೆಯ ಹಗ್ಗದ ಮೇಲೆ ಈಗ ಬೇರೆಯವರ ಬಟ್ಟೆ,
ಈ ಮನೆಯ ಬಾಗಿಲಿಗೆ ಗಂಡನ ಹೆಸರೊಂದೇ.
ಬೇಗ, ಎಂದಳು. ಹಿಂದೆ ಸಾಲಿತ್ತು.
ಹಳೆಯದನ್ನೇ ಬರೆದೆ.
ಎರಡೂ ನನ್ನವಲ್ಲವೆಂದು ಆಗ ತಿಳಿಯಿತು.

ಮೊದಲಿನದಕ್ಕಿಂತ ವಾಸಿ. ನಾಲ್ಕನೆಯ ಸಾಲಿನಲ್ಲಿ ಅವಳು ಹೆಣ್ಣೆಂದೂ ತಿಳಿಯಿತು, ಹೊಸ ಮನೆಯಲ್ಲಿ ಅವಳ ಜಾಗವೆಷ್ಟೆಂದೂ ತಿಳಿಯಿತು. ಆದರೆ ಏಳನೆಯ ಸಾಲು ಮೂರು ಮತ್ತು ನಾಲ್ಕನೆಯ ಸಾಲುಗಳ ಸಾರಾಂಶ. ಕವಿಗೆ ಓದುಗರ ಮೇಲೆ ನಂಬಿಕೆ ಸಾಲದಾದಾಗ ಇಂಥ ಸಾಲು ಬರುತ್ತದೆ. ತೆಗೆದುಹಾಕಿ. ಹಾಗೆಂದು 'ಹಳೆಯದನ್ನೇ ಬರೆದೆ' ಎಂದು ನಿಲ್ಲಿಸಿದರೆ ತುಸು ಸಪ್ಪೆ. ಕೇಳಿದವಳ ಕೈಯಲ್ಲಿ ಇನ್ನೊಂದು ಪ್ರಶ್ನೆ ಕೇಳಿಸಬಹುದು:

ಹಳೆಯದನ್ನೇ ಬರೆದೆ.
ಪಿನ್‌ಕೋಡ್, ಎಂದಳು.
ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದೆ
ಅವಳಿಗೆ ತಿಳಿಯದ ಭಾಷೆಯಲ್ಲಿ.

ಎಣಿಕೆ ತಾಯ್ನುಡಿಯಲ್ಲೇ ಉಳಿಯುತ್ತದೆ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಂತು. ಉತ್ತರ ಸರಿಯಾಗಿದೆ, ಆದರೆ ಕೇಳಿದವಳ ಕೈಗೆ ಸಿಗಲಿಲ್ಲ. ಆ ಅಂಕಿಗಳನ್ನು ನಿಜವಾಗಿ ಪದ್ಯದಲ್ಲಿ ಹಾಕಬೇಕೇ? ಹಾಕಿದರೆ ಓದುಗರೂ ಕಿಟಕಿಯ ಯಾವುದೋ ಒಂದು ಕಡೆ ನಿಲ್ಲಬೇಕಾಗುತ್ತದೆ. ನನಗೆ ಹಾಕದಿರುವುದೇ ಇಷ್ಟ. ಸುಜಾತಾ ಭಟ್ ಅವರ ದಾರಿ ಹಿಡಿದವರು ಹಾಕುತ್ತಾರೆ. ಉದ್ಧರಣ ಚಿಹ್ನೆಗಳನ್ನು ಬಿಟ್ಟದ್ದು ಬೇಕೆಂದೇ. ಗುಮಾಸ್ತೆಯ ಮಾತೂ ಅವಳ ಮನಸ್ಸಿನ ಮಾತೂ ಒಂದೇ ಗಂಟಲಿನಿಂದ ಬಂದ ಹಾಗೆ ಕೇಳಿಸಲಿ ಎಂದು.

ರೂಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಶ್ನೋತ್ತರ, ಅರ್ಜಿ, ಪತ್ರ, ಫೋನ್ ಸಂಭಾಷಣೆ, ಭಾಷೆ ಕಲಿಸುವ ಪಠ್ಯದ ಪಾಠ, ಇವೆಲ್ಲ ಈ ವಸ್ತುವಿಗೆ ತಾವಾಗಿ ಒಗ್ಗುತ್ತವೆ, ಏಕೆಂದರೆ ಇವುಗಳಲ್ಲಿ ಎದುರಿಗೆ ಒಬ್ಬರು ಇದ್ದೇ ಇರುತ್ತಾರೆ. ಛಂದಸ್ಸಿನಲ್ಲಿ ಬರೆಯಬಲ್ಲವರು ಬರೆಯಲಿ. ಬಿಗಿಯಾದ ಅಚ್ಚಿನೊಳಗೆ ಹೊರಗಿನ ಪದವೊಂದು ತಡವರಿಸುವುದು ಕೇಳಲು ಚೆನ್ನ.

ಇಬ್ಬರಿಗೆ ಓದಿಸಿ

ಕವಿತೆ ಮುಗಿಯಿತು ಅನ್ನಿಸಿದಾಗ ಇಬ್ಬರು ಓದುಗರು ಬೇಕು: ನೀವು ಬಿಟ್ಟುಬಂದ ಕಡೆಯವರು ಒಬ್ಬರು, ಬಂದು ಸೇರಿದ ಕಡೆಯವರು ಒಬ್ಬರು. 'ಹೇಗಿದೆ' ಎಂದು ಕೇಳಬೇಡಿ. ಇಬ್ಬರೂ ಚೆನ್ನಾಗಿದೆ ಎನ್ನುತ್ತಾರೆ. 'ಈ ಕವಿತೆಯಲ್ಲಿ ನಿಮಗೆ ಯಾರ ಮೇಲೆ ಸಿಟ್ಟು ಬಂತು' ಎಂದು ಕೇಳಿ. ಇಬ್ಬರಿಗೂ ಕೇಳಿದವರ ಮೇಲೆ ಮಾತ್ರ ಸಿಟ್ಟು ಬಂದಿದ್ದರೆ ಕವಿತೆ ಇನ್ನೂ ದೂರು ಅರ್ಜಿಯ ಮಟ್ಟದಲ್ಲಿದೆ. ಗುಮಾಸ್ತೆಗೆ ಒಂದು ಸಾಲು ಕರುಣೆ ತೋರಿಸಿ. ಅವಳ ಹಿಂದಿನ ಗಡಿಯಾರವನ್ನೋ ಅವಳ ಉಚ್ಚಾರದಲ್ಲಿ ಉಳಿದ ಇನ್ನಾವುದೋ ಊರನ್ನೋ ಕಾಣಿಸಿ.

ಇಬ್ಬರಿಗೂ ಹತ್ತದ ಸಾಲನ್ನು ತೆಗೆಯಿರಿ. ಒಬ್ಬರಿಗೆ ಮಾತ್ರ ಹತ್ತಿದ ಸಾಲನ್ನು ಸ್ವಲ್ಪ ದಿನ ಹಾಗೇ ಬಿಡಿ, ಹೆಚ್ಚಾಗಿ ಅದು ಉಳಿಯಬೇಕಾದ ಸಾಲು. ಶೀರ್ಷಿಕೆಯನ್ನು ಕೊನೆಗೆ ಇಡಿ. 'ಅಸ್ಮಿತೆ', 'ಪರಕೀಯೆ', 'ನೆಲೆ' ಎಂಬಂಥವನ್ನು ಇಡುವ ಮನಸ್ಸಾದರೆ, ಅದರ ಬದಲು ಕೇಳಿದವರ ಪ್ರಶ್ನೆಯನ್ನೇ ಮೇಲಕ್ಕೆ ಎತ್ತಿ ಕೂರಿಸಿ ನೋಡಿ. ಆಗ ಕವಿತೆಯೊಳಗೆ ಆ ಪ್ರಶ್ನೆ ಮತ್ತೆ ಬರಬೇಕಾಗಿಲ್ಲ, ಒಂದು ಸಾಲು ಉಳಿಯಿತು.